ಸಾಕು ಅನ್ನೋರಿಲ್ಲದ ಸಾಮು

ಹರ್ತಿಯಲ್ಲಿ ಯಾರಿಗೆ ಯಾವ ಚಟ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಗುಟ್ಕಾದವರು ಯಾರು, ಇಸ್ಪೀಟಿಗೆ ಕೂತರೆ ದೀಪ ಹಚ್ಚುವ ಹೊತ್ತಾದರೂ ಏಳದವರು ಯಾರು, ಸಂಜೆಯಾಗುತ್ತಲೇ ಗದಗಿನ ಬಸ್ಸಿಗೆ ಕೈ ಮಾಡುವವರು ಯಾಕೆ ಮಾಡುತ್ತಾರೆ ಎಂಬುದೆಲ್ಲ ಬಸವೇಶ್ವರ ಗುಡಿಯ ಕಟ್ಟೆಗೆ ಬಾಯಿಪಾಠ. ಇವರಿಗೆ ಬುದ್ಧಿ ಹೇಳುವ ಹಕ್ಕು ಊರಿನ ಎಲ್ಲರಿಗೂ ಇದೆ. ಒಂದು ಚಟ ಹಿಡಿದವನಿಗೆ ಮಾತ್ರ ಯಾರೂ ಬುದ್ಧಿ ಹೇಳುವುದಿಲ್ಲ. ಕರೆದು ಶಾಲು ಹೊದಿಸುತ್ತಾರೆ. ನಮ್ಮ ಕಾಕಾಗೆ ಹಿಡಿದದ್ದು ಅದೇ: ವ್ಯಾಯಾಮದ ಚಟ.

ಹಚ್ಚಿಕೊಟ್ಟವರು ವೈದ್ಯರು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, ದಿನಾ ಅರ್ಧ ತಾಸು ನಡೆಯಿರಿ ಎಂದರು. ಕಾಕಾ ಬ್ಯಾಂಕಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಚಕ್ರಬಡ್ಡಿ ಲೆಕ್ಕ ಹಾಕಿದ ಮನುಷ್ಯ. ಅರ್ಧ ತಾಸಿಗೆ ಇಷ್ಟು ಲಾಭವಾದರೆ ಮೂರು ತಾಸಿಗೆ ಎಷ್ಟು ಎಂದು ಮನಸ್ಸಿನಲ್ಲೇ ಗುಣಿಸಿಬಿಟ್ಟರು. ಮೇಲೆ ಬೆಂಗಳೂರಿನ ಮಗ ಹೆಜ್ಜೆ ಎಣಿಸುವ ವಾಚು ಕಳಿಸಿದ. ಅಲ್ಲಿಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ವೇದವಾಕ್ಯವಾಯಿತು.

ಈ ವೇದ ಹುಟ್ಟಿದ್ದು 1965ರ ಜಪಾನಿನಲ್ಲಿ. ಹಿಂದಿನ ವರ್ಷವಷ್ಟೇ ಟೋಕಿಯೊ ಒಲಿಂಪಿಕ್ಸ್ ಮುಗಿದಿತ್ತು. ಆ ಹುರುಪು ಇಳಿಯುವ ಮುಂಚೆ ಗಡಿಯಾರದ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕ ಮಾಡಿ, ‘ಹತ್ತು ಸಾವಿರ ಹೆಜ್ಜೆ ಮೀಟರು’ ಎಂದು ಹೆಸರಿಟ್ಟು ಮಾರಿತು. ಅಂಕಿ ಬಂದದ್ದು ಅಂಗಡಿಯಿಂದ, ಆಸ್ಪತ್ರೆಯಿಂದಲ್ಲ. ಇದನ್ನು ಹೇಳಿದೆ. “ಜಪಾನಿನವ್ರು ಸುಮ್ಮಸುಮ್ಮನ ಹೇಳಂಗಿಲ್ಲೋ ತಮ್ಮಾ” ಎಂದ ಕಾಕಾ ಮರುದಿನದಿಂದ ಹನ್ನೆರಡು ಸಾವಿರ ಮಾಡಿದರು.

ಅಜ್ಜಿಗೆ ಇದು ತಲೆಗೆ ಹೋಗಲಿಲ್ಲ. “ಕಾಲಾಗ ಅಷ್ಟು ಕಸುವಿದ್ರ ಹೊಲಕ್ಕ ಹೋಗಿ ನಾಕು ಸಾಲು ಕಸಾ ತಗದು ಬಾರಲೇ” ಎಂದಳು. “ಬಗ್ಗಿ ಕಸಾ ತಗದ್ರ ಹೆಜ್ಜಿ ಎಣಸಂಗಿಲ್ಲಬೇ ಯವ್ವಾ” ಎಂದರು ಕಾಕಾ. ವಾಚು ಒಪ್ಪದ ದುಡಿಮೆ ಅವರ ಲೆಕ್ಕದಲ್ಲಿ ದುಡಿಮೆಯೇ ಅಲ್ಲ. ದೂರದ ಕಪ್ಪತಗುಡ್ಡದ ಗಾಳಿಯಂತ್ರಗಳಾದರೂ ಗಾಳಿ ಬಿದ್ದಾಗ ಸುಮ್ಮನೆ ನಿಲ್ಲುತ್ತವೆ. ಕಾಕಾ ನಿಲ್ಲುವುದಿಲ್ಲ.

ಲಕ್ಷ್ಮೇಶ್ವರದಲ್ಲಿ ಕಾಕಾನ ಹೆಂಡತಿ, ನಮ್ಮ ಚಿಗವ್ವನ ತವರಿನ ಮದುವೆ. ಬೆಳಿಗ್ಗೆ ಟಂಟಂ ಬೇಗ ಬಂದುಬಿಟ್ಟದ್ದರಿಂದ ಹೆಜ್ಜೆ ಬಾಕಿ ಉಳಿದವು. ಅಕ್ಷತೆ ಬಿದ್ದದ್ದೇ ತಡ, ಕಾಕಾ ಊಟದ ಪಂಕ್ತಿಗಳ ನಡುವೆ ಕೈ ಬೀಸುತ್ತ ಮೇಲಕ್ಕೂ ಕೆಳಕ್ಕೂ ತಿರುಗತೊಡಗಿದರು. ಇವರು ಉಸ್ತುವಾರಿಯವರೆಂದು ತಿಳಿದ ಬೀಗರು “ಯಜಮಾನ್ರ, ಈ ಕಡೆ ಝುಣಕ ಬಂದಿಲ್ಲ” ಎಂದರು. ಅಡಿಗೆಯವನು ಬಂದು ಅನ್ನ ಇನ್ನೂ ಎಷ್ಟು ಬಸಿಯಬೇಕೆಂದು ಕೇಳಿದ. ಕಾಕಾ ಎಲ್ಲರಿಗೂ ನಡೆಯುತ್ತಲೇ ಉತ್ತರ ಕೊಟ್ಟರು. ಕೊನೆಗೆ ಗಂಡಿನ ತಂದೆ ಇವರ ಸೇವೆಗೆ ಮೆಚ್ಚಿ ಟಾವೆಲ್ ಹೊದಿಸಿದ. ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ನಾಚಿಕೆಗೋ ತಿಳಿಯಲಿಲ್ಲ.

ಆಕೆ ಸೇಡು ತೀರಿಸಿಕೊಂಡ ಬಗೆ ಚೆನ್ನಾಗಿತ್ತು. ಒಂದು ದಿನ ಕಾಕಾ ಸ್ನಾನಕ್ಕೆ ಹೋದಾಗ ವಾಚನ್ನು ತನ್ನ ಕೈಗೆ ಕಟ್ಟಿಕೊಂಡು ಜೋಳದ ರೊಟ್ಟಿ ಬಡಿಯಲು ಕೂತಳು. ಪಟಪಟ ಪಟಪಟ. ಕೆಲಸದವರಿಗೂ ಸೇರಿ ಬುಟ್ಟಿ ತುಂಬುವವರೆಗೆ ಬಡಿದಳು. ವಾಚು ಬಡಿತವನ್ನೆಲ್ಲ ಹೆಜ್ಜೆಯೆಂದೇ ನಂಬಿ ಎಣಿಸಿತು. ಕಾಕಾ ಬಂದು ನೋಡುತ್ತಾರೆ: ಚಿಗವ್ವ ಒಲೆಯ ಮುಂದಿನಿಂದ ಏಳದೆಯೇ ಕಿಲೋಮೀಟರುಗಟ್ಟಲೆ ನಡೆದು ಮುಗಿಸಿದ್ದಾಳೆ! ವಾಚಿನೊಳಗೆ ಪಟಾಕಿ ಹಾರುತ್ತಿದೆ, ಅಭಿನಂದನೆಗಳು ಎಂದು ಬರೆದು ಬಂದಿದೆ. ಮದುವೆಯಾದ ಮೇಲೆ ಆಕೆಯ ರೊಟ್ಟಿಗೆ ಯಾರಾದರೂ ಅಭಿನಂದನೆ ಹೇಳಿದ್ದು ಅದೇ ಮೊದಲು.

ವ್ಯಾಯಾಮದ ಚಟವನ್ನು ವಿಜ್ಞಾನ ಹಿಡಿದದ್ದೂ ಆಕಸ್ಮಿಕವಾಗಿಯೇ. 1970ರ ಸುಮಾರಿಗೆ ಅಮೆರಿಕದ ಫ್ರೆಡರಿಕ್ ಬೇಕ್‌ಲ್ಯಾಂಡ್ ಎಂಬ ಮನೋವೈದ್ಯರು ನಿದ್ದೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ನಿತ್ಯ ವ್ಯಾಯಾಮ ಮಾಡುವವರು ಒಂದು ತಿಂಗಳು ಬಿಟ್ಟರೆ ನಿದ್ದೆ ಏನಾಗುತ್ತದೆಂದು ನೋಡಬೇಕಿತ್ತು. ದುಡ್ಡು ಕೊಡುತ್ತೇವೆ, ಸುಮ್ಮನೆ ಕೂತಿರಿ ಎಂದರೂ ನಿತ್ಯದವರು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರ್ನಾಲ್ಕು ದಿನ ಮಾಡುವವರನ್ನೇ ಹಿಡಿದು ತಂದು ಕೆಲಸ ಮುಗಿಸಬೇಕಾಯಿತು. ಅವರಿಗೂ ನಿದ್ದೆ ಕೆಟ್ಟಿತು, ಮನಸ್ಸು ಕಳವಳಗೊಂಡಿತು. ಕುಡುಕನಿಗೆ ದುಡ್ಡು ಕೊಟ್ಟು ಕುಡಿಯಬೇಡ ಎಂದರೆ ದುಡ್ಡನ್ನಾದರೂ ಇಸಿದುಕೊಳ್ಳುತ್ತಾನೆ. ಇವರು ಅದನ್ನೂ ಮುಟ್ಟಲಿಲ್ಲ!

ಮುಂದೆ 1976ರಲ್ಲಿ ವಿಲಿಯಂ ಗ್ಲಾಸರ್ ಎಂಬ ಮನೋವೈದ್ಯರು ಓಟ, ಧ್ಯಾನಗಳಂಥ ಚಟ ಮನುಷ್ಯನಿಗೆ ಬಲ ಕೊಡುತ್ತದೆ, ಬರಲಿ ಎಂದು ಪುಸ್ತಕವನ್ನೇ ಬರೆದರು. ಮೂರೇ ವರ್ಷಕ್ಕೆ ವಿಲಿಯಂ ಮಾರ್ಗನ್ ಎಂಬ ಇನ್ನೊಬ್ಬ ವಿಲಿಯಂ ಎದ್ದು ನಿಂತು, ಗಾಯವಾದರೂ ವೈದ್ಯರು ಬೇಡವೆಂದರೂ ಬಿಡದೆ ಓಡುವವರ ಕಥೆ ತೆಗೆದರು. ಕಾಕಾ ಈಗ ಮೊಣಕಾಲಿಗೆ ಬಿಗಿ ಪಟ್ಟಿ ಸುತ್ತಿಕೊಂಡು, ಇನ್ನೊಂದು ಕಾಲಿನ ಬಲದಲ್ಲಿ ಎರಡನೇ ವಿಲಿಯಂನ ಪರ ಸಾಕ್ಷಿ ಹೇಳುತ್ತಿದ್ದಾರೆ.

2004ರಲ್ಲಿ ಬ್ರಿಟನ್ನಿನ ಸಂಶೋಧಕರು ಈ ಚಟವನ್ನು ಅಳೆಯಲು ಆರು ವಾಕ್ಯಗಳ ಒಂದು ಪರೀಕ್ಷೆ ಮಾಡಿದ್ದಾರೆ. ಬದುಕಿನಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ, ಇದಕ್ಕಾಗಿ ಮನೆಯವರೊಂದಿಗೆ ಜಗಳವಾಗಿದೆ, ತಪ್ಪಿದ ದಿನ ಸಿಡಿಮಿಡಿ ಎಂಬಂಥ ಮಾತುಗಳು. ಒಂದೊಂದಕ್ಕೆ ಐದು ಅಂಕ, ಒಟ್ಟು ಮೂವತ್ತು. 24 ಮತ್ತು ಅದಕ್ಕೂ ಮೇಲೆ ಬಂದರೆ ಅಪಾಯ. ಕಾಕಾಗೆ ಒಂದೊಂದಾಗಿ ಓದಿ ಹೇಳಿದೆ. ಇಪ್ಪತ್ತೆಂಟು ಬಂತು. “ಮೂವತ್ತಕ್ಕ ಇಪ್ಪತ್ತೆಂಟು! ಎಸ್ಸೆಸ್ಸೆಲ್ಸಿಯೊಳಗೂ ಇಷ್ಟು ಬಂದಿರಲಿಲ್ಲೋ” ಎಂದು ಹಿಗ್ಗಿ ಚಿಗವ್ವನನ್ನು ಕೂಗಿ ಕರೆದರು.

ಓಟ ಯಾಕೆ ಇಷ್ಟು ಸಿಹಿ? ಎಂಡಾರ್ಫಿನ್ ಎಂದು ಬಹಳ ದಿನ ಹೇಳುತ್ತಿದ್ದರು. ಆದರೆ ರಕ್ತದೊಳಗಿನ ಎಂಡಾರ್ಫಿನ್ ಮಿದುಳಿನ ಗಡಿ ದಾಟುವುದು ಕಷ್ಟ. ಇಲಿಗಳನ್ನು ಚಕ್ರದಲ್ಲಿ ಓಡಿಸಿದ ಜರ್ಮನ್ ಸಂಶೋಧಕರು 2015ರಲ್ಲಿ, ಈ ಸುಖಕ್ಕೆ ದೇಹವೇ ತಯಾರಿಸುವ ಗಾಂಜಾ ಜಾತಿಯ ರಾಸಾಯನಿಕ ಕಾರಣವಿರಬಹುದೆಂದು ತೋರಿಸಿದರು. ಇದನ್ನು ಕಾಕಾಗೆ ಹೇಳಿಲ್ಲ. ಗಾಂಜಾ ಎಂಬ ಮಾತು ಕಟ್ಟೆಗೆ ತಲುಪಿದರೆ ಹೊದಿಸಿದ ಶಾಲನ್ನು ವಾಪಸು ಕೇಳಿಯಾರು. ಅದಕ್ಕೂ ಸೊಗಸಾದ ಸುದ್ದಿ ನೆದರ್ಲೆಂಡ್ಸಿನದು: 2014ರ ಅಧ್ಯಯನವೊಂದಕ್ಕೆ ಕಾಡುಬಯಲಿನಲ್ಲಿ ಓಟದ ಚಕ್ರ ಇಟ್ಟರೆ, ಯಾರ ಒತ್ತಾಯವೂ ಇಲ್ಲದೆ ಕಾಡಿಲಿಗಳು ಬಂದು ಓಡಿದವು. ಕಪ್ಪೆ ಹತ್ತಿತು. ಚಿಪ್ಪಿಲ್ಲದ ಬಸವನಹುಳುವೂ ಹತ್ತಿತು! ಅದಕ್ಕೆ ಯಾವ ಡಾಕ್ಟರು ಹೇಳಿದ್ದರೋ.

ಕೆನಡಾದ ರಾಬರ್ಟ್ ವ್ಯಾಲೆರಾಂಡ್ ಮತ್ತು ಸಂಗಡಿಗರು 2003ರಲ್ಲಿ ಮಾಡಿದ ವಿಂಗಡಣೆ ನನಗೆ ಹೆಚ್ಚು ಹಿಡಿಸಿತು. ಹಂಬಲದಲ್ಲಿ ಎರಡು ಬಗೆ: ನಾವು ಹಿಡಿದುಕೊಂಡದ್ದು ಒಂದು, ನಮ್ಮನ್ನು ಹಿಡಿದುಕೊಂಡದ್ದು ಇನ್ನೊಂದು. ಮೊದಲನೆಯದು ಬಿಡುವು ಸಿಕ್ಕಾಗ ಮಾಡಿಸಿ ಉಳಿದ ಬದುಕಿಗೂ ಜಾಗ ಕೊಡುತ್ತದೆ. ಎರಡನೆಯದು ಮದುವೆಯ ಪಂಕ್ತಿಯಲ್ಲಿ ಎಬ್ಬಿಸಿ ನಡೆಸುತ್ತದೆ.

ಹಾಗೆ ನೋಡಿದರೆ ಈ ಸೀಮೆಗೆ ಸಾಮು ಹೊಸದಲ್ಲ. ನಮ್ಮೂರ ಪಾರ್ವತಿ ಪರಮೇಶ್ವರ ಗುಡಿಯಲ್ಲಿ ಚಾಲುಕ್ಯರ ಕಾಲದ ಮೂರ್ತಿಗಳಿವೆ. ಅದೇ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೇ ಒಂದು ಭಾಗ ಮೀಸಲು, ಅವರನ್ನು ವಯಸ್ಸು, ಬಲ ನೋಡಿ ವಿಂಗಡಿಸಿ, ಊಟ ಮತ್ತು ಅಭ್ಯಾಸ ಹೇಳಿದ್ದಾನೆ. ಆಯುರ್ವೇದದ ವಾಗ್ಭಟ ಅವನಿಗಿಂತ ಹಳಬ. ಅರ್ಧ ಶಕ್ತಿಯಷ್ಟು ಮಾಡಿ ನಿಲ್ಲಿಸು ಎಂದವನು, ಮೀರಿದವನು ಆನೆಯನ್ನೆಳೆಯಲು ಹೋದ ಸಿಂಹದ ಪಾಡು ಪಡುತ್ತಾನೆ ಎಂದು ಹೆದರಿಸಿಯೂ ಇದ್ದಾನೆ. ಗರಡಿಮನೆಗಳಲ್ಲೂ ಅದೇ ನಡೆ. ದಂಡ ಎಷ್ಟು, ಬೈಠಕ್ ಎಷ್ಟು ಎಂದು ಹೇಳುವವನು ಉಸ್ತಾದ. ಆತ “ಸಾಕು, ಏಳು” ಎಂದರೆ ಪೈಲ್ವಾನ ಮೈಮಣ್ಣು ಒರೆಸಿಕೊಂಡು ಖುರಾಕಿಗೆ ಹೋಗಬೇಕು. ಸಂಗ್ರಾಣಿ ಕಲ್ಲು ಎತ್ತುವ ಹುರುಪು ಜಾತ್ರೆಯ ಜೊತೆ ಇಳಿಯುತ್ತಿತ್ತು. ನಾಗರಪಂಚಮಿಗೆ ಪಕ್ಕದೂರಿನವರೆಗೆ ಎಷ್ಟು ಎಸೆತಕ್ಕೆ ಮುಟ್ಟುತ್ತೀ ಎಂದು ಪಣ ಕಟ್ಟಿ ಲಿಂಬಿಹಣ್ಣು ಒಗೆಯುತ್ತಿದ್ದ ಹುಡುಗರು, ಮರುದಿನ ರಟ್ಟೆ ಹಿಡಿದುಕೊಂಡು ಹೊಲಕ್ಕೆ ಹೋಗುತ್ತಿದ್ದರು. ಎಲ್ಲದಕ್ಕೂ ಒಂದು ಸುಗ್ಗಿ, ಒಂದು ಮಳೆ, ಒಬ್ಬ ಹಿರಿಯ ಅಡ್ಡ ಬಂದು ನಿಲ್ಲಿಸುತ್ತಿದ್ದ.

ಕಾಕಾನ ವಾಚಿಗೆ ‘ಸಾಕು’ ಎಂಬುದು ಗೊತ್ತಿಲ್ಲ. ನಿನ್ನೆಗಿಂತ ಹೆಚ್ಚು ನಡೆದರೆ ಪಟಾಕಿ, ಕಡಿಮೆಯಾದರೆ ಮೌನ. ಅಷ್ಟೇ ಅದರ ಭಾಷೆ. ದುರಂತವೆಂದರೆ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ಜೂಜಿನ ಚಟಕ್ಕೆ ಜಾಗವಿದೆ, ವ್ಯಾಯಾಮದ ಚಟಕ್ಕಿಲ್ಲ. ಆದ್ದರಿಂದ ಆಸ್ಪತ್ರೆಯನ್ನು ನಂಬಿ ಕೂರಬೇಡಿ. ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದರೆ, ವಾಚಿನ ಚಾರ್ಜರು ಎಲ್ಲಿಡುತ್ತಾರೆ ಎಂದು ಮೊದಲು ನೋಡಿಟ್ಟುಕೊಳ್ಳಿ. ಮುಂದಿನದನ್ನು ನಿಮ್ಮನೆಯ ಚಿಗವ್ವನಿಗೆ ಬಿಡಿ.