ಬೂಕನಕೆರೆಯ ನಿದ್ದೆಗಾಗಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರೆಲ್ಲರಿಗೆ,

ನಮ್ಮೂರು ಕೆ.ಆರ್.ಪೇಟೆ ತಾಲ್ಲೂಕಿನ ಬೂಕನಕೆರೆ. ನಾಲ್ಕು ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡವರು ಹುಟ್ಟಿದ ಊರು ಎಂದು ನಮ್ಮೂರಿನ ಹೆಸರು ನಾಡಿಗೆಲ್ಲ ಗೊತ್ತು. ಇವತ್ತು ನಾನು ಬರೆಯುತ್ತಿರುವುದು ಊರಿನ ಹಿರಿಮೆಯ ಬಗ್ಗೆಯಲ್ಲ, ಇಲ್ಲಿನ ನಿದ್ದೆಯ ಬಗ್ಗೆ.

ನಮ್ಮ ಹೋಬಳಿಯ ಒಂದು ಕಡೆಗೆ ಪಾಂಡವಪುರದ ಸಕ್ಕರೆ ಕಾರ್ಖಾನೆ, ಇನ್ನೊಂದು ಕಡೆಗೆ ಮಾಕವಳ್ಳಿಯದು. ಕಬ್ಬು ಅರೆಯುವ ಹಂಗಾಮು ಶುರುವಾದರೆ ಲಾರಿಗಳು, ಜೋಡಿ ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಓಡುತ್ತವೆ. ಜಲ್ಲಿ, ಎಂ-ಸ್ಯಾಂಡ್ ಹೊರುವ ಟಿಪ್ಪರ್‌ಗಳಿಗಂತೂ ಹಂಗಾಮು ಎಂಬುದೇ ಇಲ್ಲ. ರಸ್ತೆ ಊರ ನಡುವೆ ಹೋಗುತ್ತದೆ, ಮನೆಯ ಜಗಲಿಗೂ ಡಾಂಬರಿಗೂ ಕೆಲವೇ ಅಡಿ ಅಂತರ. ಎದೆನೋವಿನ ಹಿರಿಯರು, ಬಾಣಂತಿಯರು, ಪರೀಕ್ಷೆಗೆ ಓದುವ ಮಕ್ಕಳು ಎಲ್ಲರೂ ಆ ಅಂತರದೊಳಗೇ ಮಲಗಬೇಕು.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಲಾರಿ ನಿಲ್ಲಿಸಿ ಎಂದು ಕೇಳಲು ನಾನು ಬಂದಿಲ್ಲ. ಕಡಿದ ಕಬ್ಬು ಗದ್ದೆಯಲ್ಲಿ ಬಿದ್ದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಆ ನಷ್ಟ ನೇರವಾಗಿ ರೈತನ ಚೀಟಿಗೆ ಬರೆಯಲ್ಪಡುತ್ತದೆ. ಲಾರಿ ಓಡಿಸುವವರಲ್ಲಿ ನಮ್ಮ ಮನೆಗಳ ಮಕ್ಕಳೇ ಇದ್ದಾರೆ. ಟ್ರಿಪ್ಪಿಗೆ ಇಷ್ಟು ಎಂದು ದುಡಿಯುವವನು ಅವಸರದಲ್ಲೇ ಇರುತ್ತಾನೆ. ಆ ಅವಸರಕ್ಕೆ ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಹತ್ತಾರು ವರ್ಷ ಆ ಕ್ಯಾಬಿನ್ನಿನಲ್ಲೇ ಕೂತವನ ಕಿವಿ ನಮ್ಮ ಕಿವಿಗಿಂತ ಮೊದಲು ಕೆಡುತ್ತದೆ.

ಆದರೆ ನಮ್ಮನ್ನು ಎಬ್ಬಿಸಿ ಕೂರಿಸುವ ಸದ್ದು ಎಲ್ಲಿಂದ ಬರುತ್ತದೆಂದು ಗಮನವಿಟ್ಟು ಕೇಳಿದರೆ ಒಂದು ವಿಷಯ ತಿಳಿಯುತ್ತದೆ. ಲೋಡಾದ ಲಾರಿಯ ಎಂಜಿನ್ ಸದ್ದು ಅದರಲ್ಲಿ ಒಂದು ಪಾಲು ಅಷ್ಟೆ. ಖಾಲಿ ಟಿಪ್ಪರ್ ಹಂಪ್ ಹಾರಿದಾಗ ಸಡಿಲಾದ ಹಿಂಬದಿಯ ಬಾಗಿಲು ಕಬ್ಬಿಣಕ್ಕೆ ಬಡಿಯುವ ಸದ್ದು ಇನ್ನೊಂದು. ತೂತುಬಿದ್ದ ಅಥವಾ ಬೇಕೆಂದೇ ಬಿಚ್ಚಿಹಾಕಿದ ಸೈಲೆನ್ಸರ್‌ನದು ಮತ್ತೊಂದು. ಟ್ರ್ಯಾಕ್ಟರಿಗೆ ಕಟ್ಟಿದ ಸೌಂಡ್ ಬಾಕ್ಸಿನ ಹಾಡು ಇದ್ದೇ ಇದೆ. ಎಲ್ಲಕ್ಕಿಂತ ಮಿಗಿಲು ಏರ್ ಹಾರ್ನ್; ಎದುರಿಗೆ ನಾಯಿಯೂ ಇಲ್ಲದ ರಸ್ತೆಯಲ್ಲಿ ರಾತ್ರಿ ಎರಡು ಗಂಟೆಗೆ ಅದು ಕೂಗುತ್ತದೆ. ಇವುಗಳಲ್ಲಿ ಯಾವುದೂ ಕಬ್ಬನ್ನು ಕಾರ್ಖಾನೆಗೆ ಒಂದು ನಿಮಿಷ ಬೇಗ ಮುಟ್ಟಿಸುವುದಿಲ್ಲ. ಬಾಗಿಲಿಗೆ ಒಂದು ಬೋಲ್ಟು, ಸೈಲೆನ್ಸರ್‌ಗೆ ಒಂದು ವೆಲ್ಡಿಂಗ್, ಹಾರ್ನಿಗೆ ಒಂದು ಕಟ್ಟುನಿಟ್ಟು ಸಾಕು. ಈ ಸದ್ದು ಅಡಗಿದರೆ ರೈತನಿಗಾಗಲಿ ಚಾಲಕನಿಗಾಗಲಿ ಬಿಡಿಗಾಸಿನ ನಷ್ಟವಿಲ್ಲ.

ಕಾನೂನಿನ ಕೊರತೆಯೂ ಇಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ರಸ್ತೆಯ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನ ದೇಶಗಳಿಗೆ ಸೂಚಿಸಿದ ರಾತ್ರಿಯ ಮಿತಿಯೂ 45. ನಮ್ಮ ಕಾಗದದ ಮೇಲಿನ ನಿಯಮ ಯಾರಿಗೂ ಕಡಿಮೆಯಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ತುರ್ತು ಸಂದರ್ಭವಲ್ಲದೆ ಹಾರ್ನ್ ಹೊಡೆಯಬಾರದೆಂದು ಶಬ್ದ ಮಾಲಿನ್ಯ ನಿಯಮಗಳ 2010ರ ತಿದ್ದುಪಡಿ ಹೇಳುತ್ತದೆ. ಕರ್ಕಶ ಹಾರ್ನ್‌ಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ನಿಷೇಧಿಸಿವೆ. ಶಬ್ದದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ. ನೆಮ್ಮದಿಯಾಗಿ ಬದುಕುವುದು ಸಂವಿಧಾನದ 21ನೇ ವಿಧಿಯ ಹಕ್ಕು, ಬೇಡದ ಸದ್ದನ್ನು ಯಾರೂ ಇನ್ನೊಬ್ಬರ ಕಿವಿಗೆ ಬಲವಂತವಾಗಿ ತುಂಬುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲೇ ತೀರ್ಪು ಕೊಟ್ಟಿದೆ.

ಇಷ್ಟೆಲ್ಲ ಇದ್ದೂ ಕಾನೂನು ಹಳ್ಳಿಯ ರಾತ್ರಿಗೆ ಯಾಕೆ ತಲುಪಲಿಲ್ಲ? ಹಾರ್ನ್ ನೋಡಬೇಕಾದವರು ಸಾರಿಗೆ ಇಲಾಖೆ ಮತ್ತು ಪೊಲೀಸರು, ಸದ್ದು ಅಳೆಯಬೇಕಾದವರು ಮಾಲಿನ್ಯ ನಿಯಂತ್ರಣ ಮಂಡಳಿ, ಹಂಪ್ ಹಾಕುವವರು ಲೋಕೋಪಯೋಗಿ, ಜಲ್ಲಿಗೆ ಪರವಾನಗಿ ಕೊಡುವವರು ಗಣಿ ಇಲಾಖೆ. ಸದ್ದು ಕೇಳುವವರು ನಾವು. ಹಗಲು ರಾತ್ರಿ ತಾನಾಗಿಯೇ ಸದ್ದು ಅಳೆಯುವ ಜಾಲವನ್ನು ಕೇಂದ್ರ ಮಂಡಳಿ 2011ರಲ್ಲಿ ಆರಂಭಿಸಿದ್ದು ಬೆಂಗಳೂರು ಸೇರಿದಂತೆ ಏಳು ಮಹಾನಗರಗಳಲ್ಲಿ. ಹಳ್ಳಿಯೆಂದರೆ ತಾನಾಗಿಯೇ ಪ್ರಶಾಂತ ಎಂಬ ಹಳೆಯ ನಂಬಿಕೆ ಅಧಿಕಾರಿಗಳ ಮನಸ್ಸಿನಲ್ಲಿ ಇನ್ನೂ ಉಳಿದಂತಿದೆ. ದಯವಿಟ್ಟು ಅದನ್ನು ಬಿಡಿ.

ಮಾನ್ಯ ಜಿಲ್ಲಾಧಿಕಾರಿಗಳೇ, ಈ ಎಲ್ಲ ಎಳೆಗಳೂ ಬಂದು ಸೇರುವ ಮೇಜು ನಿಮ್ಮದು. ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಯಾವುದೇ ರಸ್ತೆಯಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸಬಹುದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 115ನೇ ಕಲಂ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಭಾರಿ ವಾಹನ ನಿಲ್ಲಿಸುವುದು ಜಿಲ್ಲಾಧಿಕಾರಿಗಳ ಆದೇಶದಿಂದಲೇ. 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿಷೇಧಿಸಿದ್ದು ಕೂಡ ಚಾಮರಾಜನಗರದ ಜಿಲ್ಲಾಧಿಕಾರಿ. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದ ಜಿಂಕೆ, ಆನೆಗಳಿಗಾಗಿ ಮಾಡಿದ ಆ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆಯಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟಗಳಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೆಂದು ರೈತರು ವರ್ಷಗಟ್ಟಲೆ ಹೋರಾಡಿದರು. ಕಡೆಗೆ 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿಲ್ಲಿಸಲು ಆದೇಶಿಸಿತು. ಕಾಡಿನ ಪ್ರಾಣಿಗೂ ಕಲ್ಲಿನ ಕಟ್ಟೆಗೂ ಸಿಕ್ಕ ರಕ್ಷಣೆಯಲ್ಲಿ ಒಂದು ಪಾಲು ರಸ್ತೆಬದಿಯ ಮನುಷ್ಯರಿಗೂ ಸಿಗಲಿ.

ಬಂಡೀಪುರದಷ್ಟು ದೊಡ್ಡ ಆದೇಶ ನಮಗೆ ಬೇಕಿಲ್ಲ. ಲಂಡನ್ನಿನಲ್ಲಿ 1980ರ ದಶಕದಿಂದ ಒಂದು ಕ್ರಮವಿದೆ: 18 ಟನ್ ಮೀರಿದ ಲಾರಿಗಳು ರಾತ್ರಿಯಲ್ಲಿ ಗೊತ್ತುಮಾಡಿದ ರಸ್ತೆಗಳಲ್ಲೇ ಹೆಚ್ಚಿನ ದಾರಿ ಸವೆಸಬೇಕು, ಮನೆಗಳ ಬೀದಿಗೆ ಬರಬೇಕಾದರೆ ಅನುಮತಿ ಬೇಕು. ಸರಕೂ ಮುಟ್ಟುತ್ತದೆ, ಊರೂ ಮಲಗುತ್ತದೆ. ನಾವು ಕೇಳುವುದು ಅಷ್ಟೇ. ಜಲ್ಲಿ, ಮರಳಿನ ಟಿಪ್ಪರ್‌ಗಳು ರಾತ್ರಿ ಹತ್ತರ ನಂತರ ಊರೊಳಗೆ ಬರದಿರಲಿ. ಕಲ್ಲು ಒಂದು ರಾತ್ರಿ ಕಾದರೆ ಒಣಗುವುದಿಲ್ಲ. ಕಬ್ಬಿನ ಲಾರಿಗಳು ಬರಲಿ, ಹಾರ್ನ್ ಹಾಕದೆ, ನಿಧಾನಕ್ಕೆ ಬರಲಿ. ಕಾರ್ಖಾನೆಯ ವೇಬ್ರಿಡ್ಜ್ ಬಳಿಯೇ ಸಾರಿಗೆ ಅಧಿಕಾರಿಗಳು ಹಾರ್ನ್, ಸೈಲೆನ್ಸರ್ ನೋಡಲಿ, ಕಬ್ಬಿನ ಗಾಡಿಗಳೆಲ್ಲ ಅಲ್ಲಿಗೆ ಬರಲೇಬೇಕಲ್ಲ. ಒಂದು ತಿಂಗಳ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆಯೂ ಬೇಡವೆಂದು ಅದೇ 115ನೇ ಕಲಂ ಹೇಳುತ್ತದೆ, ಊರಲ್ಲಿ ಪ್ರಚಾರ ಮಾಡಿದರೆ ಸಾಕು. ಒಂದು ತಿಂಗಳು ಮಾಡಿ ನೋಡಿ.

ಶಾಲೆ, ಆಸ್ಪತ್ರೆಗಳ ವಿಷಯ ಬೇರೆ. ಅವುಗಳ ಸುತ್ತ ನೂರು ಮೀಟರ್ ತಾನಾಗಿಯೇ ನಿಶ್ಶಬ್ದ ವಲಯ ಎಂದು ಬಹಳ ಜನ ನಂಬಿದ್ದಾರೆ. ಆದರೆ ಶಬ್ದ ಮಾಲಿನ್ಯ ನಿಯಮಗಳ 2017ರ ತಿದ್ದುಪಡಿಯ ನಂತರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಅದು ನಿಶ್ಶಬ್ದ ವಲಯವಲ್ಲ. ನಮ್ಮ ಹೋಬಳಿಯ ಶಾಲೆ, ಆಸ್ಪತ್ರೆಗಳ ಪಟ್ಟಿಯನ್ನು ನೀವೇ ಸರ್ಕಾರಕ್ಕೆ ಕಳಿಸಿಕೊಡಬೇಕು.

ಪಂಚಾಯಿತಿ ಸದಸ್ಯರೇ, ನಿಮ್ಮ ಕೈಯಲ್ಲಿ ದಂಡ ಹಾಕುವ ಪುಸ್ತಕ ಇಲ್ಲ ನಿಜ. ಆದರೆ ಯೋಜನೆ ಮಾಡುವಾಗ ಶಬ್ದ ಮಾಲಿನ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ 2000ದ ನಿಯಮಗಳ ಮೂರನೇ ನಿಯಮವೇ ಹೇಳಿದೆ. ಗ್ರಾಮಸಭೆಯ ಒಂದು ನಿರ್ಣಯ ಬರೆದು, ಸಹಿ ಹಾಕಿ, ಜಿಲ್ಲಾಧಿಕಾರಿಗಳ ಕಚೇರಿಗೆ ಕಳಿಸಿದರೆ ಬಿಡಿಬಿಡಿ ದೂರುಗಳಿಗೆ ಇಲ್ಲದ ತೂಕ ಅದಕ್ಕೆ ಬರುತ್ತದೆ. ಅಕ್ಕಿಹೆಬ್ಬಾಳು, ಕಿಕ್ಕೇರಿ, ಚಿನಕುರಳಿ, ನಾಗಮಂಗಲದ ಕಡೆಯವರೂ ಜೊತೆಗೂಡಿದರೆ ಇನ್ನೂ ಒಳ್ಳೆಯದು, ಲಾರಿಗೆ ತಾಲ್ಲೂಕಿನ ಗಡಿ ಇಲ್ಲ.

ಇದನ್ನು ಓದುವ ಊರಿನವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಗೆ ಬನ್ನಿ. ಈ ವಿಷಯ ಬಂದಾಗ ಕೈ ಎತ್ತಿ.