ಅಗಲ ಬೆನ್ನಿನ ಐರನ್

ಕೊಡಗಿನವನಿಗೆ ಆಯುಧ ಆರಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೋವಿಯ ನಳಿಗೆಯೊಳಗೆ ಒಂದು ಕಣ್ಣು ಹಾಯಿಸಿ, ಕತ್ತಿಯ ಬಾಯಿಗೆ ಹೆಬ್ಬೆರಳು ಸವರಿ, ಅಂಗೈಯಲ್ಲಿ ತೂಗಿ ನೋಡಿ, ಆಮೇಲೆ ರೇಟು ಕೇಳುವುದು ನಮಗೆ ಹುಟ್ಟಿನಿಂದ ಬಂದದ್ದು. ಅದೇ ಮನುಷ್ಯನನ್ನು ಬೆಂಗಳೂರಿನ ಗಾಲ್ಫ್ ಅಂಗಡಿಯಲ್ಲಿ ಐರನ್ ಎಂಬ ಲೋಹದ ತಲೆಯ ಕೋಲುಗಳ ಸಾಲಿನ ಮುಂದೆ ಬಿಡಿ. ಬುದ್ಧಿ ಆನೆಚೌಕೂರು ಗೇಟಿನಲ್ಲೇ ಇಳಿದುಹೋಗಿರುತ್ತದೆ. ಇದ್ದುದರಲ್ಲಿ ತೆಳ್ಳಗಿನ, ಹೊಳೆಯುವ, ತನ್ನ ಕೈಗೆ ಜನ್ಮದಲ್ಲಿ ಒಗ್ಗದ ಸೆಟ್ಟನ್ನೇ ಹುಡುಕಿ ಅದರ ಮೇಲೆ ಕೈಯಿಡುತ್ತಾನೆ.

ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧ ಪೂಜೆಗೆ, ಕೋವಿ, ಕತ್ತಿಗಳನ್ನು ಒರೆಸಿ ದೇವರ ಕೋಣೆಯಾದ ಕನ್ನಿ ಕೋಂಬರೆಯಲ್ಲಿಟ್ಟು ತೋಕ್ ಪೂ ಎಂಬ ಕೋವಿ ಹೂವು ಮುಡಿಸುವಾಗ, ನಾನು ಒಮ್ಮೆ ನನ್ನ ಗಾಲ್ಫ್ ಬ್ಯಾಗನ್ನೂ ಪಕ್ಕಕ್ಕೆ ಒರಗಿಸಿಟ್ಟೆ. ಅವ್ವ ಕನ್ನಡಕ ಏರಿಸಿ ನೋಡಿದರು. "ಇದರಲ್ಲಿ ಏನಾದ್ರೂ ಸತ್ತದ್ದುಂಟಾ?" ಅಂದರು. ಹುಲ್ಲು ಬಿಟ್ಟು ಬೇರೇನೂ ಇಲ್ಲ ಅಂದೆ. ಬ್ಯಾಗು ವರಾಂಡಕ್ಕೆ ವಾಪಸ್ ಬಂತು.

ಅಮ್ಮತ್ತಿಯಲ್ಲಿ ಮನೆ ಮಾಡಿಕೊಂಡವನಿಗೆ ಗಾಲ್ಫಿನ ಚಟದಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಒಂದು ಕಡೆ ಪಾಲಿಬೆಟ್ಟದಲ್ಲಿ ಕಾಫಿ ತೋಟಗಳ ನಡುವೆ 9 ಹೋಲಿನ ಮೈದಾನ. ಇನ್ನೊಂದು ಕಡೆ ಬಿಟ್ಟಂಗಾಲದಲ್ಲಿ ಕೂರ್ಗ್ ಗಾಲ್ಫ್ ಲಿಂಕ್ಸಿನ 18. ಇವೆರಡೂ ಸಾಲದೆ ಹೋದರೆ ಮಡಿಕೇರಿಯ ಮರ್ಕೆರಾ ಡೌನ್ಸ್ ಇದ್ದೇ ಇದೆ. ಇದರ ಮೇಲೆ ನಮ್ಮೂರ ಸುತ್ತ ನಿವೃತ್ತ ಸೇನಾಧಿಕಾರಿಗಳು ಬೇರೆ. ದೇಶದ ಯಾವ ಮೂಲೆಯ ಕಂಟೋನ್ಮೆಂಟಿನಲ್ಲಿದ್ದು ಬಂದರೂ ಅವರ ಜೊತೆ ಒಂದು ಕರಿ ಟ್ರಂಕು, ಒಂದು ನಾಯಿ, ಒಂದು ಗಾಲ್ಫ್ ಬ್ಯಾಗು ಬಂದೇ ಬರುತ್ತವೆ. ಟ್ರಂಕು ಅಟ್ಟ ಸೇರುತ್ತದೆ, ನಾಯಿ ತೋಟ ಕಾಯುತ್ತದೆ, ಬ್ಯಾಗು ಮಾತ್ರ ಅಕ್ಕಪಕ್ಕದವರನ್ನು ಕೆಡಿಸುತ್ತದೆ.

ಕೆಡಲು ನಮಗೆ ಮೊದಲೇ ತಯಾರಿಯೂ ಆಗಿರುತ್ತದೆ, ಹಾಕಿಯಿಂದ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೌಟುಂಬಿಕ ಹಾಕಿ ಶುರುಮಾಡಿದ ಮೇಲಂತೂ ಕೋಲು ಹಿಡಿಯದ ಕೊಡವ ಮನೆ ಹುಡುಕುವುದು ಕಷ್ಟ. ಓಡುವ ಚೆಂಡನ್ನು, ಎದುರಿಗೆ ಮೂವರು ಅಡ್ಡ ಬರುತ್ತಿರುವಾಗ, ಓಡುತ್ತಲೇ ಹೊಡೆಯಬಲ್ಲವನಿಗೆ, ಗರಿಕೆಯ ಮೇಲೆ ಅಲ್ಲಾಡದೆ ಕೂತ ಚೆಂಡು ಯಾವ ಲೆಕ್ಕ ಅನ್ನಿಸುವುದು ಸಹಜ. ಅಲ್ಲೇ ಇರುವುದು ಮೋಸ. ಹಾಕಿಯ ಕೈಗೆ ಮಣಿಕಟ್ಟಿನಿಂದ ಬಾರಿಸಿ ಅಭ್ಯಾಸ. ಗಾಲ್ಫಿನಲ್ಲಿ ಹಾಗೆ ಬಾರಿಸಿದರೆ ಚೆಂಡು ನೆಲ ಹಿಡಿದು ಹೋಗುತ್ತದೆ, ಇಲ್ಲವೇ ಬಲಕ್ಕೆ ತಿರುಗಿ ರೋಬಸ್ಟಾ ತೋಟ ಹೊಕ್ಕು ಮಾಯವಾಗುತ್ತದೆ. ಚೆಂಡಿನ ತೂಕ 46 ಗ್ರಾಮಿಗಿಂತ ಒಂದು ಕೂದಲು ಕಡಿಮೆ, ಅಡ್ಡಳತೆ 43 ಮಿಲಿಮೀಟರಿಗಿಂತ ಒಂದು ಕೂದಲು ಕಡಿಮೆ. ಇಷ್ಟು ಸಣ್ಣ ವಸ್ತು ದೊಡ್ಡ ದೊಡ್ಡ ಮೀಸೆಗಳನ್ನು ಮಣ್ಣುಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನನ್ನ ಮಡದಿ ಈ ಆಟದ ಸಂದರ್ಭದಲ್ಲಿ ಆಗಾಗ ನೆನಪಿಸುತ್ತಾಳೆ. ಗಾದೆ ಕಟ್ಟಿದವರು ಕೊಡಗಿನಲ್ಲಿ ಗಾಲ್ಫ್ ಆಡಿರಲಿಲ್ಲ. ಇಲ್ಲಿ ನೆಲ ನಿಜವಾಗಿಯೂ ಡೊಂಕು. ಕೋಲಿನ ಮಾತೂ ಪೂರ್ತಿ ನೆಪವಲ್ಲ. ಅದನ್ನೇ ಈಗ ಹೇಳಹೊರಟದ್ದು.

ನಮ್ಮ ಬಳಗದ ಕರ್ನಲ್ ಸಾಹೇಬರ ಐರನ್ನುಗಳನ್ನು ನೋಡಬೇಕು. ಬ್ಲೇಡ್ ಅನ್ನುತ್ತಾರೆ. ಕಾಸಿ ಬಡಿದು ಮಾಡಿದ ಉಕ್ಕು, ಬೆನ್ನು ನುಣ್ಣಗೆ, ತಳ ಬೆರಳಷ್ಟೇ ಅಗಲ. ಎತ್ತಿ ಹಿಡಿದರೆ ಯಾರಿಗಾದರೂ ಆಸೆ ಹುಟ್ಟಬೇಕು. ಅವರ 7ನೇ ಐರನ್ನಿನ ಮುಖದಲ್ಲಿ, ಸರಿಯಾಗಿ ನಡುವೆ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಸವೆದು ಮಾಸಿದೆ. ಅಷ್ಟು ವರ್ಷ ಅಷ್ಟು ಚೆಂಡುಗಳು ಅಲ್ಲೇ ತಗಲಿವೆ. ಅದರ ಪಕ್ಕಕ್ಕೆ ನನ್ನದನ್ನು ಹಿಡಿದರೆ ತುದಿಯಲ್ಲಿ ಒಂದಷ್ಟು ಗುರುತು, ಬುಡದಲ್ಲಿ ಒಂದಷ್ಟು, ಕೆಳ ಅಂಚಿನಲ್ಲಿ ಕಲ್ಲು ತಾಗಿದ ಕಚ್ಚು, ಕೋಲು ಸೇರುವ ಕುತ್ತಿಗೆಯ ಹತ್ತಿರ ಚೆಂಡಿನ ಬಿಳಿ ಬಣ್ಣ. ನಟ್ಟ ನಡುವೆ ಮಾತ್ರ ಕಂಪನಿಯಿಂದ ಬಂದ ಹೊಳಪು ಹಾಗೇ ಇದೆ.

ಕರ್ನಲ್ಲರು ಒಂದು ಬೆಳಿಗ್ಗೆಗೆ ಆ ಬ್ಲೇಡುಗಳನ್ನು ನನ್ನ ಕೈಗೆ ಕೊಟ್ಟರು. "ಒಳ್ಳೇ ಐರನ್ ಮನುಷ್ಯನಿಗೆ ಶಿಸ್ತು ಕಲಿಸ್ತದೆ," ಅಂದರು. ಧನುರ್ಮಾಸದ ಚಳಿ. ಚೆಂಡು ತುದಿಗೆ ತಗಲಿದ್ದೇ ತಡ, ಝುಮ್ಮೆಂದು ಬೆರಳಿನಿಂದ ಮೊಣಕೈಯವರೆಗೆ ಏರಿದ ಉರಿ ತಿಂಡಿ ಹೊತ್ತಿನವರೆಗೂ ಇಳಿಯಲಿಲ್ಲ. ಬ್ಲೇಡಿಗೆ ದಾಕ್ಷಿಣ್ಯವಿಲ್ಲ. ನಡುವಿಗೆ ತಗಲಿದರೆ ಬೆಣ್ಣೆ, ಅರ್ಧ ಇಂಚು ಆಚೀಚೆಯಾದರೆ ಸೀದಾ ಕೋರ್ಟ್ ಮಾರ್ಷಲ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ, ಇಪ್ಪತ್ತರ ಮೇಲೆ ಹ್ಯಾಂಡಿಕ್ಯಾಪ್ ಇರುವ ಕಚ್ಚಾ ಆಟಗಾರರೂ ಇದನ್ನೇ ಬ್ಯಾಗಿನಲ್ಲಿ ಹೊತ್ತು ತಿರುಗುವುದುಂಟು.

ನಮ್ಮಂಥವರಿಗೆ ದಾರಿ ತೋರಿಸಿದ ಪುಣ್ಯಾತ್ಮ ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಾರ್ಸ್ಟನ್ ಸೋಲ್‌ಹೈಮ್. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರು. ನಲವತ್ತು ದಾಟಿದ ಮೇಲೆ ಸಹೋದ್ಯೋಗಿಗಳ ಜೊತೆ ಗಾಲ್ಫ್ ಶುರುಮಾಡಿ, ಪಟ್ ಮಾಡಲು, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸಲು, ಬಾರದೆ ಒದ್ದಾಡಿದರು. ಬೇರೆಯವರಾಗಿದ್ದರೆ ಕೋಲು ಎಸೆಯುತ್ತಿದ್ದರು. ಇವರು ಗ್ಯಾರೇಜಿಗೆ ಹೋಗಿ ಹೊಸ ಕೋಲು ಮಾಡಿದರು. 1959ರ ಆ ಪಟರ್ ಚೆಂಡಿಗೆ ತಗಲಿದಾಗ 'ಪಿಂಗ್' ಎಂದು ಸದ್ದು ಬಂತು, ಕಂಪನಿಗೂ ಅದೇ ಹೆಸರಾಯಿತು. ಅವರು ಹಿಡಿದ ಸೂಕ್ಷ್ಮ ಇಷ್ಟೇ: ಚೆಂಡು ನಡು ಬಿಟ್ಟು ತಗಲಿದಾಗ ಕೋಲಿನ ತಲೆ ಗಿರ್ರನೆ ತಿರುಚಿಕೊಳ್ಳುತ್ತದೆ. ನಡುವಿನ ಲೋಹವನ್ನು ಕೆರೆದು ತೆಗೆದು ಆ ಭಾರವನ್ನು ಅಂಚಿಗೆ ಹಂಚಿದರೆ ತಿರುಚು ಕಡಿಮೆಯಾಗುತ್ತದೆ. ಹಾಗೆ ಬಂದದ್ದು ಅಗಲ ಬೆನ್ನಿನಲ್ಲಿ ಗುಳಿಯಿರುವ ಐರನ್, ಅಂಗಡಿಯವರ ಬಾಯಲ್ಲಿ ಕ್ಯಾವಿಟಿ ಬ್ಯಾಕ್. 1982ರಲ್ಲಿ ಬಂದ ಪಿಂಗ್ ಐ2 ಈ ಬಗೆಯಲ್ಲಿ ಹೆಸರು ಮಾಡಿತು. ಚೆಲುವಿನ ಮಾತು ಬೇಡ. ಬ್ಲೇಡಿನ ಪಕ್ಕದಲ್ಲಿ ಅದು ಮದುವೆ ಮನೆಗೆ ಗಂಬೂಟು ಹಾಕಿಕೊಂಡು ಬಂದ ನೆಂಟ. ಆದರೆ ತಪ್ಪು ಹೊಡೆತವನ್ನು ಅರ್ಧಕ್ಕರ್ಧ ನುಂಗಿಕೊಳ್ಳುತ್ತದೆ. ಹೋಗಬೇಕಾದ ದೂರ ಪೂರ್ತಿ ಹೋಗದಿದ್ದರೂ ಚೆಂಡು ಹೋಗಬೇಕಾದ ಕಡೆಗೇ ಹೋಗುತ್ತದೆ.

ಇನ್ನೊಂದು ಅಂಗ ತಳ. ಅಂಗಡಿಯಲ್ಲಿ ಎಲ್ಲರೂ ಮುಖ, ಬೆನ್ನು ನೋಡುತ್ತಾರೆ. ಕೊಡಗಿನವನು ಮೊದಲು ತಲೆಕೆಳಗು ಮಾಡಿ ತಳ ನೋಡಬೇಕು. ಜೂನ್ ಬಂದರೆ ನಮ್ಮ ನೆಲ ನೆಲವಲ್ಲ, ನಾಟಿಗೆ ಹದವಾದ ಗದ್ದೆ. ತೆಳು ತಳದ ಐರನ್ ಚೆಂಡಿಗಿಂತ ಎರಡು ಇಂಚು ಹಿಂದೆ ಇಳಿದರೆ ಅಲ್ಲೇ ಹೂತುಕೊಳ್ಳುತ್ತದೆ. ಹೆಂಟೆ ಹಾರುತ್ತದೆ, ಚೆಂಡು ಕೂತಲ್ಲೇ ಕೂತು ನಮ್ಮ ಮುಖ ನೋಡುತ್ತದೆ. ಅಗಲ ತಳದ್ದು ಹೂತುಕೊಳ್ಳದೆ ಹುಲ್ಲಿನ ಮೇಲೆ ಜಾರಿ ಹೇಗೋ ಚೆಂಡಿನ ಬುಡ ಸೇರುತ್ತದೆ. ಮುಖವನ್ನು ಕೋಲಿನ ಗೆರೆಗಿಂತ ತುಸು ಹಿಂದಕ್ಕೆ ಕೂರಿಸಿದ್ದರೆ ಇನ್ನೂ ಒಳ್ಳೆಯದು. ಬಲಕ್ಕೆ ತಿರುಗಿ ತೋಟ ಹೊಗುವ ನಮ್ಮ ಚೆಂಡಿಗೆ ಅದು ಅಷ್ಟಿಷ್ಟು ಮೂಗುದಾರ.

ಈಗ ಕಂಪನಿಗಳ ಜಾಣತನಕ್ಕೆ ಬರೋಣ. ಹಿಂದೆ 7ನೇ ಐರನ್ನಿನ ಮುಖ ಸುಮಾರು 35 ಡಿಗ್ರಿ ಹಿಂದಕ್ಕೆ ವಾಲಿರುತ್ತಿತ್ತು. ಈಗ ಹವ್ಯಾಸಿಗಳಿಗೆಂದು ಮಾರುವ ಅನೇಕ ಸೆಟ್ಟುಗಳಲ್ಲಿ ಅದು 30ರ ಆಸುಪಾಸು, ಕೆಲವುಗಳಲ್ಲಿ ಇನ್ನೂ ಕಡಿಮೆ. ಅಂದರೆ ಇನ್ನೂ ದೂರ ಹೊಡೆಯುವ ಹಳೆಯ 5, 6ರ ನಡುವಿನ ಕೋಲಿಗೆ 7 ಎಂದು ನಂಬರು ಹೊಡೆದಿದ್ದಾರೆ. ಭಾರವನ್ನು ಕೆಳಕ್ಕಿಳಿಸಿದ್ದರಿಂದ ಚೆಂಡು ಸಾಕಷ್ಟು ಮೇಲೇರುತ್ತದೆ ಎಂಬುದು ಅವರ ಸಮರ್ಥನೆ. ಅದು ಸುಳ್ಳೂ ಅಲ್ಲ. ಆದರೆ ಕೊಂಡವನು ಕ್ಲಬ್ಬಿನ ಬಾರಿನಲ್ಲಿ "ಹೊಸ ಸೆವೆನ್ ಐರನ್ನಲ್ಲಿ ಇಪ್ಪತ್ತು ಗಜ ಜಾಸ್ತಿ ಹೋಗ್ತಾ ಉಂಟು" ಎಂದು ಎದೆಯುಬ್ಬಿಸುವುದನ್ನು ಕೇಳಿ ನಗದೆ ಇರಬೇಕಾದರೆ ಸಂಯಮ ಬೇಕು. ಔಟ್‌ಟರ್ನ್ ನೋಡದೆ, ತೇವ ಅಳೆಯದೆ ಒಂದು ಮೂಟೆ ಚೆರಿಗೆ ರೇಟು ಒಪ್ಪದ ನಮ್ಮ ಬೆಳೆಗಾರರು ಇಲ್ಲಿ ನಂಬರು ನೋಡಿ ದುಡ್ಡು ಎಣಿಸುತ್ತಾರೆ. ನಂಬರು ಕೇಳಬೇಡಿ, ಡಿಗ್ರಿ ಕೇಳಿ. ಯಾಕೆಂದರೆ ಈ ಜಾರಾಟ ಗಿಡ್ಡ ಹೊಡೆತದ ವೆಡ್ಜಿನವರೆಗೂ ಇಳಿದಿದೆ. 48 ಡಿಗ್ರಿಯ ಆಚೀಚೆ ಇದ್ದ ಪಿಚಿಂಗ್ ವೆಡ್ಜ್ ಈಗ 43, 44ಕ್ಕೆ ಬಂದು ನಿಂತಿದೆ. ಅದಕ್ಕೂ 56ರ ಸ್ಯಾಂಡ್ ವೆಡ್ಜಿಗೂ ನಡುವೆ ದೊಡ್ಡ ಕಂದಕ. ಆ ಕಂದಕ ತುಂಬಲು ಅದೇ ಕಂಪನಿ ಇನ್ನೊಂದು ವೆಡ್ಜನ್ನು ಬೇರೆಯಾಗಿ ಮಾರುತ್ತದೆ. ಹಳ್ಳ ತೋಡಿದವರೇ ಸೇತುವೆಯ ಕಂಟ್ರಾಕ್ಟು ಹಿಡಿಯುವುದು ನಮಗೆ ಹೊಸದಲ್ಲ ಬಿಡಿ.

ದೂರದ ಹುಚ್ಚು ಇರುವವರಿಗೆ ಬೆಂಗಳೂರಿನ ಅದಿತಿ ಅಶೋಕ್ ಅವರ ನೆನಪು ಮಾಡಿಕೊಡಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ದೂರ ಹೊಡೆಯುವುದರಲ್ಲಿ ಹೆಚ್ಚಿನ ಎದುರಾಳಿಗಳಿಗಿಂತ ಹಿಂದಿದ್ದ ಆಕೆ ನಾಲ್ಕನೆಯವರಾಗಿ ಮುಗಿಸಿದರು. ಪದಕ ಕೂದಲೆಳೆಯಲ್ಲಿ ತಪ್ಪಿತು.

ಉದ್ದದ ಐರನ್ನುಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. 1975ರಲ್ಲಿ ಆಟದ ನಡುವೆಯೇ ಸಿಡಿಲು ಬಡಿಸಿಕೊಂಡು ಬದುಕುಳಿದ ಲೀ ಟ್ರೆವಿನೊ, ಮಿಂಚಿನ ಹೊತ್ತಿನಲ್ಲಿ 1ನೇ ಐರನ್ ಎತ್ತಿ ಹಿಡಿಯುತ್ತೇನೆ, ಅದನ್ನು ದೇವರೂ ಹೊಡೆಯಲಾರ ಎಂದು ತಮಾಷೆ ಮಾಡುತ್ತಿದ್ದರಂತೆ. ಏಪ್ರಿಲ್ ಗುಡುಗಿನಲ್ಲಿ ಅಮ್ಮತ್ತಿ ಕಡೆ ಯಾರೂ ಇದನ್ನು ಪರೀಕ್ಷಿಸಬಾರದು. 3, 4ನೇ ಐರನ್ನುಗಳೂ ನಮಗೆ ಅದೇ ಜಾತಿ. ಅವುಗಳ ಜಾಗದಲ್ಲಿ ದಪ್ಪ ತಲೆಯ ಹೈಬ್ರಿಡ್ ಒಂದಿದ್ದರೆ ಸಾಕು. ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕೋಲು ಇರಬಾರದೆಂದು ಅಮೆರಿಕದಲ್ಲಿ 1938ರಿಂದಲೇ ನಿಯಮವಿದೆ. 14 ತುಂಬಿಸಲೇಬೇಕೆಂದು ಯಾರೂ ಹೇಳಿಲ್ಲ.

ಉಳಿದದ್ದು ದುಡ್ಡಿನ ಮಾತು. ದೊಡ್ಡ ಕಂಪನಿಯ ಹೊಸ ಸೆಟ್ಟು ಲಕ್ಷದ ಸುತ್ತಮುತ್ತ. ಇದನ್ನು ಮನೆಯಲ್ಲಿ ಹೇಳುವ ಧೈರ್ಯ ಮಾಡಿದಾಗ ಮಡದಿ ಕಾಫಿ ಲೋಟ ಕೆಳಗಿಟ್ಟು, "ಹುಲ್ಲು ಕೊಯ್ಯಲಿಕ್ಕೆ ತಾನೇ? ವೀಡ್ ಕಟ್ಟರ್ ಶೆಡ್ಡಲ್ಲೇ ಉಂಟಲ್ಲ," ಅಂದಳು. ಹಾಗಾಗಿ ಹಳೆಯದನ್ನು ಹುಡುಕಿದೆ. ನಮ್ಮ ಅದೃಷ್ಟಕ್ಕೆ ಐರನ್ ಹಳಸುವ ವಸ್ತುವಲ್ಲ. ಐದಾರು ವರ್ಷದ ಹಿಂದಿನ ಅಗಲ ಬೆನ್ನಿನದ್ದಕ್ಕೂ ಈ ವರ್ಷದ್ದಕ್ಕೂ ಇರುವ ವ್ಯತ್ಯಾಸ ನಮ್ಮ ಕೈಗೆ ಗೊತ್ತಾಗುವಷ್ಟಿಲ್ಲ, ಬೆಲೆ ಮಾತ್ರ ಅರ್ಧಕ್ಕೂ ಕೆಳಗಿಳಿದಿರುತ್ತದೆ. ಹೊಸ ಸೆಟ್ಟು ಕೊಂಡು ಹ್ಯಾಂಡಿಕ್ಯಾಪ್ ಇಳಿಯದೆ ಬೇಸತ್ತವರು ಯಾವ ಊರಲ್ಲೂ ಇದ್ದಾರೆ. ಅವರ ಬೇಸರವೇ ನಮ್ಮ ಬಂಡವಾಳ.

ಕೊಡಗಿನಲ್ಲಿ ಹಳೆಯದು ಕೊಳ್ಳುವಾಗ ಮಳೆಗಾಲದ ಕಣ್ಣಿನಿಂದ ನೋಡಬೇಕು. ಎರಡು ಮಳೆಗಾಲ ಜೀಪಿನ ಹಿಂದೆ ಬಿದ್ದಿದ್ದ ಬ್ಯಾಗಿನಲ್ಲಿ ರಬ್ಬರ್ ಹಿಡಿಗೆ ಬೂಸಲು ಬಂದಿರುತ್ತದೆ. ಅದು ಚಿಂತೆಯಲ್ಲ, ಹಿಡಿ ಬದಲಿಸಬಹುದು. ಉಕ್ಕಿನ ಕೋಲು ಒಳಗಿನಿಂದ ತುಕ್ಕು ತಿಂದಿದ್ದರೆ ಅದು ಚಿಂತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಗಲಗಲ ಅಂದರೆ ಕೈಮುಗಿದು ವಾಪಸ್ ಕೊಡಿ. ಮುಖದ ಗೀರುಗಳಿಗೆ ಉಗುರು ಸಿಕ್ಕಬೇಕು. ಕೋಲು ಎಷ್ಟು ಬಿಗಿ ಎಂದು ಕೇಳಿದಾಗ ಎಲ್ಲ ಗಂಡಸರೂ 'ಸ್ಟಿಫ್' ಅನ್ನುತ್ತಾರೆ. ನೀವು 'ರೆಗ್ಯುಲರ್' ಅನ್ನಿ, ಭುಜ ಹಗುರಾಗುತ್ತದೆ. ಐವತ್ತು ದಾಟಿದ ಭುಜವಾದರೆ ಗ್ರಾಫೈಟಿನದ್ದು ಸಿಗುತ್ತದೆಯೇ ನೋಡಿ.

ನಾನು ತಂದದ್ದನ್ನು ಮೊದಲು ಪರೀಕ್ಷಿಸಿದವನು ಕ್ಯಾಡಿ ಹುಡುಗ. ಮೈದಾನದಲ್ಲಿ ನನ್ನ ಆಟದ ಬಗ್ಗೆ ಅವನಿಗಿಂತ ಹೆಚ್ಚು ತಿಳಿದವರಿಲ್ಲ, ತೋಟದೊಳಗೆ ನುಗ್ಗಿ ಚೆಂಡು ಹುಡುಕುವವನು ಅವನೇ. 7ನೇ ಐರನ್ ತಿರುವಿ ಬೆನ್ನು ನೋಡಿದ, ತಳಕ್ಕೆ ಬೆರಳಿಟ್ಟು ಅಗಲ ಅಳೆದ. ನಾನು ಹೊಡೆದೆ. ತುದಿಗೇ ತಗಲಿತು. ಚೆಂಡು ಮನಸ್ಸಿಲ್ಲದ ಮನಸ್ಸಿನಿಂದ ಎದ್ದು, ಗ್ರೀನಿನ ಹತ್ತಿರವೇ ಎಲ್ಲೋ ಬಿತ್ತು. "ಸಾರ್, ಇದು ಆಗಬಹುದು," ಅಂದ. "ಎಲ್ಲಿ ತಗಲಿದ್ರೂ ಹೋಗ್ತದೆ."

ಕರ್ನಲ್ಲರು ಈಚೆಗೆ ತಮ್ಮ ಬ್ಲೇಡುಗಳನ್ನು ಮಾರುವ ಮಾತಾಡುತ್ತಿದ್ದಾರೆ, ಮೊಣಕೈ ನೋವಂತೆ. ಯಾರಾದರೂ ಕೊಳ್ಳುವವರಿದ್ದರೆ ದಯವಿಟ್ಟು ಕೊಳ್ಳಬೇಡಿ. ಐದು ಅಥವಾ ಆರರಿಂದ ವೆಡ್ಜಿನವರೆಗೆ ಒಂದು ಹಳೆಯ, ಅಗಲ ಬೆನ್ನಿನ, ಅಗಲ ತಳದ ಸೆಟ್ಟು ತನ್ನಿ. ಉಳಿದ ದುಡ್ಡಿಗೆ ಚೆಂಡು ತನ್ನಿ. ಅವು ಎಷ್ಟಿದ್ದರೂ ಸಾಲುವುದಿಲ್ಲ.