ಇಷ್ಟದ ವಿಷಯ ಯಾವುದು?

ಬಿ.ಎಸ್ಸಿ. ಮುಗಿಸಿದ ವರ್ಷ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಿಂದ ಕೆಮಿಸ್ಟ್ರಿ ಎಂ.ಎಸ್ಸಿ. ಸೀಟಿಗೆ ಇಂಟರ್‌ವ್ಯೂ ಕಾರ್ಡು ಬಂತು. ಬಂದದ್ದು ನನ್ನ ಹೆಸರಿಗಾದರೂ ತಯಾರಿಗೆ ನಿಂತದ್ದು ಇಡೀ ಮನೆ. ಅಮ್ಮ ಬಿಳಿ ಅಂಗಿಗೆ ನೀಲಿ ಹಾಕಿ ಒಗೆದಳು. ಬ್ಯಾಂಕಿನಲ್ಲಿದ್ದ ಚಿಕ್ಕಪ್ಪ ಮೂರು ಸಲ ಪ್ರಮೋಷನ್ ಇಂಟರ್‌ವ್ಯೂಗೆ ಹೋಗಿ ಬಂದವರು. ಮೂರರಲ್ಲೂ ಏನಾಯಿತೆಂದು ಯಾರೂ ಕೇಳುವಂತಿರಲಿಲ್ಲ. ಆ ಅನುಭವದ ಬಲದ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ನನ್ನನ್ನು ಎದುರಿಗೆ ನಿಲ್ಲಿಸಿದರು.

“ನೀರಿನ ಫಾರ್ಮುಲಾ ಹೇಳು.”

“ಎಚ್ ಟು ಓ.”

“ಹೋಗು, ಸೆಲೆಕ್ಟೆಡ್.”

ಅವರಿಗೆ ಗೊತ್ತಿದ್ದ ಕೆಮಿಸ್ಟ್ರಿ ಅಲ್ಲಿಗೆ ಮುಗಿದಿತ್ತು.

ಹಿಂದಿನ ವರ್ಷ ಅಲ್ಲಿಗೆ ಹೋಗಿ, ಬರಿಗೈಲಿ ವಾಪಸಾಗಿದ್ದ ಸೀನಿಯರ್ ಒಬ್ಬ ಗುಟ್ಟು ಹೇಳಿಕೊಟ್ಟ. “ಮೊದಲು ಇಷ್ಟದ ವಿಷಯ ಯಾವುದು ಅಂತಾರೆ. ಆರ್ಗ್ಯಾನಿಕ್ ಅಂದ್ಯೋ, ಮೆಕ್ಯಾನಿಸಂ ಬರೆಸಿ ಸಾಯಿಸ್ತಾರೆ. ಫಿಸಿಕಲ್ ಅಂದ್ರೆ ಷ್ರೋಡಿಂಗರ್. ಇನ್‌ಆರ್ಗ್ಯಾನಿಕ್ ಅಂದುಬಿಡು, ಬಣ್ಣಗಳ ಬಗ್ಗೆ ಮಾತಾಡಿ ಬಂದುಬಿಡಬಹುದು.” ಆ ರಾತ್ರಿಯೇ ನನಗೆ ಇನ್‌ಆರ್ಗ್ಯಾನಿಕ್ ಮೇಲೆ ಪ್ರೀತಿ ಹುಟ್ಟಿತು. ಜೆ.ಡಿ. ಲೀ ಪುಸ್ತಕ ತಲೆದಿಂಬಿನ ಪಕ್ಕಕ್ಕೆ ಬಂತು. ಲೋಹದ ಡಿ ಎಲೆಕ್ಟ್ರಾನು ಬೆಳಕು ನುಂಗಿ ಕೆಳಗಿನ ಮಟ್ಟದಿಂದ ಮೇಲಕ್ಕೆ ಹಾರುತ್ತದೆ, ಅದರಿಂದಲೇ ಬಣ್ಣ. ಟೈಟಾನಿಯಂ ನೇರಳೆ, ತಾಮ್ರ ನೀಲಿ, ನಿಕ್ಕಲ್ ಹಸಿರು. ಹದಿನೈದು ದಿನ ಎಲೆಕ್ಟ್ರಾನುಗಳನ್ನು ಹಾರಿಸಿದ್ದೇ ಹಾರಿಸಿದ್ದು.

ಇಂಟರ್‌ವ್ಯೂ ಕೋಣೆಯಲ್ಲಿ ನಾಲ್ವರಿದ್ದರು. ಗೋಡೆಗೊಂದು ಕರಿ ಬೋರ್ಡು, ಕೈಗೊಂದು ಸೀಮೆಸುಣ್ಣದ ತುಂಡು. ಸೀನಿಯರ್ ಹೇಳಿದ ಪ್ರಶ್ನೆಯೇ ಬಂತು, ನಾನು ಉಬ್ಬಿಹೋದೆ. ಬಣ್ಣಗಳ ಪ್ರವಚನ ಅರ್ಧಕ್ಕೆ ಬಂದಾಗ ಮೂಲೆಯಲ್ಲಿದ್ದ ಮೇಷ್ಟ್ರು ಕೇಳಿದರು:

“ಪೊಟ್ಯಾಸಿಯಂ ಪರ್ಮಾಂಗನೇಟ್ ಯಾಕೆ ನೇರಳೆ?”

“ಡಿ ಎಲೆಕ್ಟ್ರಾನ್ ಹಾರ್ತದೆ, ಸಾರ್.”

“ಅದರಲ್ಲಿ ಮ್ಯಾಂಗನೀಸಿನ ಆಕ್ಸಿಡೇಶನ್ ಸ್ಟೇಟ್?”

“ಪ್ಲಸ್ ಏಳು.”

“ಡಿಯಲ್ಲಿ ಎಷ್ಟು ಎಲೆಕ್ಟ್ರಾನ್ ಉಳೀತು, ಬರೀರಿ.”

ಬರೆದೆ. ಡಿಯಲ್ಲಿ ಐದು, ಎಸ್‌ನಲ್ಲಿ ಎರಡು, ಏಳನ್ನೂ ಕಳೆದೆ. ಸೊನ್ನೆ.

“ಹಾಗಾದರೆ ಹಾರೋರು ಯಾರು?”

ಬೋರ್ಡಿನ ಮೇಲಿನ ಸೊನ್ನೆ ನನ್ನನ್ನೇ ನೋಡುತ್ತಿತ್ತು. ನಮ್ಮ ಬಾವಿಗೆ ಮಳೆಗಾಲದಲ್ಲಿ ಹಾಕುತ್ತಿದ್ದ ಪುಡಿ ಅದು. ಮೂರು ವರ್ಷ ಲ್ಯಾಬಿನಲ್ಲಿ ಬ್ಯೂರೆಟ್ಟಿಗೆ ತುಂಬಿದ್ದೂ ಅದನ್ನೇ. ಬೆರಳಿಗೆ ಹತ್ತಿದ ಕಂದು ಕಲೆ ವಾರಗಟ್ಟಲೆ ಹೋಗುತ್ತಿರಲಿಲ್ಲ. ಆದರೆ ಯಾಕೆ ನೇರಳೆ ಎಂದು ಅದನ್ನು ಒಂದು ದಿನವೂ ವಿಚಾರಿಸಿದವನಲ್ಲ. “ಗೊತ್ತಿಲ್ಲ ಸಾರ್” ಎಂದೆ. ಇಡೀ ತಯಾರಿಯಲ್ಲಿ ಅಭ್ಯಾಸ ಮಾಡದೇ ಬಿಟ್ಟಿದ್ದ ವಾಕ್ಯ ಅದೊಂದೇ.

ಅವರು ಬೈಯಲಿಲ್ಲ. “ಮ್ಯಾಂಗನೀಸ್ ಸುತ್ತ ಯಾರಿದ್ದಾರೆ?” ಎಂದರು. ನಾಲ್ಕು ಆಕ್ಸಿಜನ್. ಅವರ ಹತ್ತಿರ ಎಲೆಕ್ಟ್ರಾನ್ ಉಂಟು, ಇವನ ಹತ್ತಿರ ಖಾಲಿ ಜಾಗ ಉಂಟು. ಹಾರುವುದು ಪಕ್ಕದ ಮನೆಯವರು! ಚಾರ್ಜ್ ಟ್ರಾನ್ಸ್‌ಫರ್ ಎಂಬ ಆ ಹೆಸರು ಪುಸ್ತಕದ ಮುಂದಿನ ಪುಟಗಳಲ್ಲೇ ಇತ್ತು. ನಾನು ಅಲ್ಲಿಗೆ ತಲುಪಿರಲಿಲ್ಲ.

ಇನ್ನೊಬ್ಬರು ಕೇಳಿದರು, “ಆಕ್ಸಾಲಿಕ್ ಆಮ್ಲಕ್ಕೆ ಅದನ್ನು ಬಿಡುವಾಗ ಏನು ನೋಡಿದ್ದೀರಿ?” ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಫ್ಲಾಸ್ಕನ್ನು ಕೈ ತಾಳಲಾರದಷ್ಟು ಬಿಸಿ ಮಾಡಿ, ಕುತ್ತಿಗೆಗೆ ಮಡಚಿದ ಪೇಪರ್ ಸುತ್ತಿ ಹಿಡಿದುಕೊಳ್ಳುವುದು. ಮೊದಲ ಹನಿ ಬಿದ್ದರೆ ಗುಲಾಬಿ ಬಣ್ಣ ಹೋಗಲೊಲ್ಲದು, ಅಲ್ಲಾಡಿಸಿ ಅಲ್ಲಾಡಿಸಿ ಕೈ ಸೋಲುತ್ತದೆ. ನಾಲ್ಕಾರು ಹನಿ ಕಳೆದ ಮೇಲೆ ಬಿದ್ದದ್ದು ಬಿದ್ದಲ್ಲೇ ಮಾಯ.

“ಯಾಕೆ?”

“ಮೊದಲು ಆದದ್ದೇ ಮುಂದಿನದಕ್ಕೆ ಹೆಪ್ಪು ಆಗ್ತದೆ ಅನಿಸ್ತದೆ, ಸಾರ್.”

ನಾಲ್ವರೂ ನಕ್ಕರು. “ಆ ಹೆಪ್ಪಿನ ಹೆಸರು?” ಅಳುಕುತ್ತಲೇ ಮ್ಯಾಂಗನೀಸ್ ಟೂ ಪ್ಲಸ್ ಎಂದೆ. ಸರಿಯಾಗಿತ್ತು.

ಊರಿಗೆ ಬಂದೊಡನೆ ಚಿಕ್ಕಪ್ಪ ವರದಿ ಕೇಳಿದರು. ಹೇಳಿದೆ. “ಬಾವಿ ಪುಡಿನಾ?” ಎಂದು ಅವರಿಗೆ ಸಿಟ್ಟೇ ಬಂತು. “ಅಷ್ಟಕ್ಕೆ ಬೆಂಗಳೂರಿಗೆ ಯಾಕೆ ಕರೆಸಬೇಕಿತ್ತು?”

ವೇಯ್ಟಿಂಗ್ ಲಿಸ್ಟಿನಲ್ಲಿ ನಾನು ಮೂರನೆಯವನು. ಸೆಲೆಕ್ಟ್ ಆದವರಲ್ಲಿ ಮೂವರು ಬೇರೆ ಕಡೆ ಸೀಟು ಸಿಕ್ಕಿ ಹಾರಿದ್ದರಿಂದ ನನಗೆ ಜಾಗವಾಯಿತು.